ಅಡುಗೆಮನೆಯ ಗೋಡೆ ನೆಟ್ಟಗಿದೆಯೆ?

ಕಣ್ಣಿಗೆ ನೆಟ್ಟಗೆ ಕಾಣುವುದೆಲ್ಲವೂ ನೆಟ್ಟಗಿರುವುದಿಲ್ಲ. ಹಳೆಯ ಮನೆಯ ಅಡುಗೆಮನೆಗೆ ಹೊಸ ಕಪಾಟುಗಳನ್ನು ಜೋಡಿಸಹೊರಟಾಗ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. ಯಂತ್ರವು ಕತ್ತರಿಸಿದ ಕಪಾಟಿನ ಅಂಚು ಸರಳರೇಖೆ. ಅದರ ಮೂಲೆ ಲಂಬಕೋನ. ಕರಣೆ ಹಿಡಿದ ಕೈ ಸವರಿದ ಗೋಡೆಯಾದರೋ ಒಂದೆಡೆ ಉಬ್ಬಿ, ಇನ್ನೊಂದೆಡೆ ತಗ್ಗಿರುತ್ತದೆ. ಇವೆರಡನ್ನೂ ಕೂಡಿಸುವ ಮೊದಲು ಗೋಡೆಯನ್ನು ಅಳೆದು ಹದಗೊಳಿಸಬೇಕು. ನಾವು ಶಾಲೆಯಲ್ಲಿ ಕಲಿತ ವಿಜ್ಞಾನವು ಇಲ್ಲಿ ಹೇಗೆ ನೆರವಾಗುತ್ತದೆಂಬುದನ್ನು ನೋಡೋಣ.

ಮೊದಲನೆಯದು ಅಳತೆ. ಗೋಡೆಯ ಮೇಲ್ಭಾಗದಲ್ಲಿ ಮೊಳೆಯೊಂದನ್ನು ಹೊಡೆದು ತೂಗುಗುಂಡನ್ನು ಇಳಿಬಿಡೋಣ. ಗುರುತ್ವಾಕರ್ಷಣೆಯು ದಾರವನ್ನು ಲಂಬವಾಗಿ ನಿಲ್ಲಿಸುತ್ತದೆ. ದಾರಕ್ಕೂ ಗೋಡೆಗೂ ಇರುವ ಅಂತರವು ಮೇಲೆ ಮತ್ತು ಕೆಳಗೆ 30 ಮಿ.ಮೀ., ನಡುವೆ 22 ಮಿ.ಮೀ. ಇದ್ದರೆ, ನಡುವೆ 8 ಮಿ.ಮೀ. ಉಬ್ಬಿದೆಯೆಂದಾಯಿತು. ಇನ್ನು ಮೂಲೆಯ ಪರೀಕ್ಷೆ. ಮೂಲೆಯಿಂದ ಒಂದು ಗೋಡೆಯ ಮೇಲೆ 90 ಸೆಂ.ಮೀ., ಇನ್ನೊಂದರ ಮೇಲೆ 120 ಸೆಂ.ಮೀ. ದೂರಕ್ಕೆ ಗುರುತು ಮಾಡಿದರೆ, ಆ ಗುರುತುಗಳ ನಡುವಣ ದೂರ 150 ಸೆಂ.ಮೀ. ಇರಬೇಕು. ಇದು ಪೈಥಾಗೊರಸನ ಪ್ರಮೇಯವೇ. ಕೋನದಲ್ಲಿ ಕೇವಲ 1 ಡಿಗ್ರಿ ತಪ್ಪಿದ್ದರೂ 3 ಮೀಟರು ಉದ್ದದ ಗೋಡೆಯ ತುದಿಯಲ್ಲಿ ಸುಮಾರು 52 ಮಿ.ಮೀ. ಅಂತರ ಬೀಳುತ್ತದೆ!

ಎರಡನೆಯದು ರೋಗದ ಮೂಲವನ್ನು ಹುಡುಕುವುದು. ಗೋಡೆಯನ್ನು ಬೆರಳಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಾರೆಯು ಇಟ್ಟಿಗೆಯನ್ನು ಬಿಟ್ಟಿದೆ. ಆ ಭಾಗವನ್ನು ಕೆತ್ತಿ ತೆಗೆಯಬೇಕು. ತೇವವಿದ್ದಲ್ಲಿ ನೀರು ಲವಣಗಳನ್ನು ಕರಗಿಸಿ ತರುತ್ತದೆ. ನೀರು ಆವಿಯಾದಾಗ ಲವಣಗಳು ಹರಳುಗಟ್ಟಿ ಗಾರೆಯನ್ನು ಸೀಳುತ್ತವೆ. ಪಾಲಿಥೀನ್ ಹಾಳೆಯೊಂದರ ಅಂಚುಗಳನ್ನು ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಟ್ಟು ನೋಡಿರಿ. ಹಾಳೆಯ ಒಳಬದಿಯಲ್ಲಿ ಹನಿ ಮೂಡಿದರೆ ತೇವವು ಗೋಡೆಯದು. ಹೊರಬದಿಯಲ್ಲಿ ಮೂಡಿದರೆ ಕೋಣೆಯ ಗಾಳಿಯದು. ಸೋರಿಕೆಯನ್ನು ನಿಲ್ಲಿಸಿ ಗೋಡೆಯನ್ನು ಒಣಗಿಸದೆ ಗಾರೆ ಮೆತ್ತುವುದು ಗಾಯವನ್ನು ತೊಳೆಯದೆ ಕಟ್ಟಿದಂತೆ.

ಮೂರನೆಯದು ಗಾರೆಯ ಆಯ್ಕೆ. ಸುಣ್ಣದ ಗಾರೆಯು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮೆಲ್ಲನೆ ಗಟ್ಟಿಯಾಗುತ್ತದೆ. ಸಿಮೆಂಟು ಮತ್ತು ಜಿಪ್ಸಮ್ ಗಾರೆಗಳು ನೀರಿನೊಡನೆ ಸಂಯೋಗ ಹೊಂದಿ ಗಟ್ಟಿಯಾಗುತ್ತವೆ. ಹಳೆಯ ಸುಣ್ಣದ ಗೋಡೆಗೆ ದಪ್ಪನಾಗಿ ಸಿಮೆಂಟು ಬಳಿದರೆ ತೇವವು ಹೊರಹೋಗಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ. ಆದುದರಿಂದ ಸುಣ್ಣಕ್ಕೆ ಸುಣ್ಣವೇ ಸರಿಯಾದ ಜೊತೆ. ಜಿಪ್ಸಮ್ ನೀರಿನಲ್ಲಿ ಸ್ವಲ್ಪ ಕರಗುವುದರಿಂದ, ಪಾತ್ರೆ ತೊಳೆಯುವ ಕಡೆ ಅದು ಸಲ್ಲದು.

ಇಟ್ಟಿಗೆಯ ಗೋಡೆಗೆ ಸಿಮೆಂಟು ಗಾರೆ ಹಚ್ಚುವ ಮುನ್ನ ಧೂಳು ತೆಗೆದು ಗೋಡೆಯನ್ನು ನೆನೆಸಬೇಕು. ಇಲ್ಲದಿದ್ದರೆ ಒಣ ಇಟ್ಟಿಗೆಯು ಗಾರೆಯ ನೀರನ್ನು ಹೀರಿಬಿಡುತ್ತದೆ. ತಗ್ಗುಗಳನ್ನು ಒಂದೇ ಸಲ ತುಂಬದೆ, ಸುಮಾರು 12 ಮಿ.ಮೀ. ದಪ್ಪದ ಪದರಗಳಾಗಿ ತುಂಬಬೇಕು. ಮೊದಲ ಪದರಕ್ಕೆ ಗೀರು ಹಾಕಿದರೆ ಎರಡನೆಯದು ಕಚ್ಚಿ ಹಿಡಿಯುತ್ತದೆ. ನೆಟ್ಟನೆಯ ಹಲಗೆಯೊಂದನ್ನು ಎಳೆದು ಮಟ್ಟ ಮಾಡಿ, ಕನಿಷ್ಠ 7 ದಿನ ನೀರುಣಿಸಿ, ಅನಂತರ ಚೆನ್ನಾಗಿ ಒಣಗಲು ಬಿಡಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಪಾತ್ರೆ ತುಂಬಿದ ತೂಗುಕಪಾಟಿನ ಭಾರವನ್ನು ಹೊರುವುದು ಇಟ್ಟಿಗೆಯೇ ಹೊರತು ಗಾರೆಯಲ್ಲ. ಗಾರೆಯು 25 ಮಿ.ಮೀ. ದಪ್ಪವಿದ್ದರೆ, ಗೋಡೆಯೊಳಗೆ 40 ಮಿ.ಮೀ. ಹೋದ ತಿರುಪು ಇಟ್ಟಿಗೆಯನ್ನು ಹಿಡಿದಿರುವುದು 15 ಮಿ.ಮೀ. ಮಾತ್ರ. ತಗ್ಗು ತುಂಬಿದೆಡೆ ತಿರುಪು ಇನ್ನೂ ಉದ್ದವಾಗಿರಬೇಕು. ಈ ಲೆಕ್ಕವನ್ನು ಮರೆತರೆ ಕಪಾಟು ಒಂದು ದಿನ ಅಡುಗೆ ಮಾಡುವವರ ತಲೆಯ ಮೇಲೆಯೇ ಕಳಚಿ ಬೀಳಬಹುದು. ರಂಧ್ರ ಕೊರೆಯುವ ಮೊದಲು ವಿದ್ಯುತ್ ತಂತಿ, ನೀರು ಹಾಗೂ ಅನಿಲದ ಕೊಳವೆಗಳು ಎಲ್ಲಿವೆಯೆಂಬುದನ್ನು ತಿಳಿದುಕೊಳ್ಳುವುದೂ ಅವಶ್ಯ.

ಗೋಡೆಯು ಕನ್ನಡಿಯಂತೆ ಸಮತಟ್ಟಾಗಲೇಬೇಕೆಂದಿಲ್ಲ. ಎರಡು ಮೂರು ಮಿ.ಮೀ. ಅಂತರವನ್ನು ಮರದ ಬೆಣೆಯೊಂದು ತುಂಬೀತು. ಯಾವ ಕೊರತೆಗೆ ಬೆಣೆ ಸಾಕು, ಯಾವುದಕ್ಕೆ ಗಾರೆ ಬೇಕು ಎಂಬುದನ್ನು ಅಳತೆಯಿಂದಲೇ ನಿರ್ಧರಿಸಬೇಕು.