ಯೋಕ್ ಹಿಡಿದ ಕೈಗೆ ಒಂದು ಕಿವಿಮಾತು

ಮಗಳೇ, ನಿನ್ನ ಮೊದಲ ಸೋಲೋ ಹತ್ತಿರ ಬಂತು. ಜಕ್ಕೂರಿನ ರನ್‌ವೇಯಿಂದ ಒಬ್ಬಳೇ ಮೇಲೇಳುವ ಮುಂಚೆ, ಬಹಳ ವರ್ಷ ಪಕ್ಕದ ಸೀಟಿನಲ್ಲಿ ಕೂತು ಕಲಿಸಿದವನ ಮಾತು ಒಂದಿಷ್ಟು ಕೇಳಿಸಿಕೋ. ಪರೀಕ್ಷೆಗೆ ಓದಿದ್ದೆಲ್ಲ ನಿನಗೆ ಬಾಯಿಪಾಠ ಆಗಿದೆ. ಅದು ಕೈಗೂ ಇಳಿದಿರಬೇಕು ಅನ್ನುವುದೇ ನನ್ನ ಕಾಳಜಿ.

ರೆಕ್ಕೆ ಗಾಳಿಯನ್ನು ಎದುರಿಸುವ ಕೋನ ಸುಮಾರು 16 ಡಿಗ್ರಿ ದಾಟಿತೆಂದರೆ, ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಳ್ಳುತ್ತದೆ, ಲಿಫ್ಟ್ ಕುಸಿಯುತ್ತದೆ. ಸ್ಟಾಲ್ ಅಂದರೆ ಇಷ್ಟೇ. ಸ್ಪೀಡ್ ಎಷ್ಟೇ ಇರಲಿ, ಮೂಗು ಎತ್ತ ಕಡೆಯೇ ಇರಲಿ, ಇದು ಆಗಬಹುದು. ಸೆಸ್ನಾ 172-ಎಸ್ ಪುಸ್ತಕದಲ್ಲಿ ಫ್ಲ್ಯಾಪ್ ಇಳಿಸದಿದ್ದಾಗ ಸ್ಟಾಲ್ ವೇಗ 48 ನಾಟ್ ಎಂದಿದೆ. ಅದು ರೆಕ್ಕೆ ಸಮವಾಗಿದ್ದಾಗಿನ ಲೆಕ್ಕ. ಎತ್ತರ ಬಿಡದೆ 45 ಡಿಗ್ರಿ ವಾಲಿ ತಿರುಗಿದರೆ ಅದೇ 57 ಆಗುತ್ತದೆ, 60 ಡಿಗ್ರಿಗೆ 68. ಆದ್ದರಿಂದ ಬರೀ ಸ್ಪೀಡಿನ ಮುಳ್ಳು ನೋಡಿಕೊಂಡು ನೆಮ್ಮದಿಯಾಗಿರಬೇಡ. ಯೋಕನ್ನು ನಿನ್ನ ಕೈ ಎಷ್ಟು ಎಳೆದಿದೆ ಅನ್ನುವುದರ ಮೇಲೂ ಗಮನವಿರಲಿ.

ಹಾರುವ ಮುಂಚೆ ಎಡ ರೆಕ್ಕೆಯ ಅಂಚಿನ ಸಣ್ಣ ಕಿಂಡಿಗೆ ಕರ್ಚೀಫು ಇಟ್ಟು ಬಾಯಿಂದ ಎಳೆದು ಹಾರ್ನ್ ಪರೀಕ್ಷಿಸುತ್ತೀಯಲ್ಲ, ಅದನ್ನು ಶಾಸ್ತ್ರಕ್ಕೆಂದು ಮಾಡಬೇಡ. ಸ್ಟಾಲ್‌ಗೆ ಇನ್ನೂ 5ರಿಂದ 10 ನಾಟ್ ಇರುವಾಗಲೇ ಆ ಹಾರ್ನ್ ಕೂಗುತ್ತದೆ. ಆಮೇಲೆ ಕಂಟ್ರೋಲ್‌ಗಳು ಸಡಿಲವಾಗುತ್ತವೆ, ಮೈ ನಡುಗಿದ ಹಾಗೆ ವಿಮಾನ ಅದುರುತ್ತದೆ. ಆಗ ಮೊದಲ ಕೆಲಸ, ಯೋಕ್ ಮುಂದಕ್ಕೆ. ಮೂಗು ಇಳಿಯಲಿ, ರೆಕ್ಕೆ ಮತ್ತೆ ಗಾಳಿ ಹಿಡಿಯಲಿ. ಒಂದು ರೆಕ್ಕೆ ಕುಸಿದರೆ ಅದನ್ನು ಏಲರಾನ್‌ನಿಂದ ಎತ್ತಲು ಹೋಗಬೇಡ, ಆ ರೆಕ್ಕೆಯ ಕೋನ ಇನ್ನೂ ಹೆಚ್ಚುತ್ತದೆ. ಎದುರಿನ ರಡ್ಡರ್ ಒತ್ತಿ ತಡೆ. ಪೂರ್ತಿ ಪವರ್ ಕೊಟ್ಟು, ಆಮೇಲೆ ನಿಧಾನವಾಗಿ ಮೇಲೇರು. ಸರಿಯಾಗಿ ಮಾಡಿದರೂ 230 ಅಡಿವರೆಗೆ ಎತ್ತರ ಹೋಗಬಹುದು.

ಎತ್ತರ ಇದ್ದ ಮಾತ್ರಕ್ಕೆ ಯಾರೂ ಉಳಿಯುವುದಿಲ್ಲ, ಇದು ಗೊತ್ತಿರಲಿ. 2009ರ ಜೂನ್ 1ರಂದು ಏರ್ ಫ್ರಾನ್ಸ್ 447 ಸುಮಾರು 38,000 ಅಡಿಯಲ್ಲಿ ಸ್ಟಾಲ್ ಆಗಿ ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ಸ್ಪೀಡ್ ಅಳೆಯುವ ಪಿಟೋ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿತ್ತು, ಆಟೋಪೈಲಟ್ ಕಳಚಿಕೊಂಡಿತ್ತು. ಇಂಜಿನ್ ಎರಡೂ ಓಡುತ್ತಿದ್ದವು, ಸ್ಟಾಲ್ ಎಚ್ಚರಿಕೆ ಮತ್ತೆ ಮತ್ತೆ ಕೂಗಿತ್ತು. ಆದರೂ ಸ್ಟಿಕ್ ಬಹುಪಾಲು ಹೊತ್ತು ಹಿಂದಕ್ಕೇ ಇತ್ತು. 228 ಜನ ಹೋದರು. ಹಾರಿಸುತ್ತಿದ್ದವರು ಅನುಭವಸ್ಥರು, ಅವರನ್ನು ದೂರಲು ನನಗೆ ಮನಸ್ಸಿಲ್ಲ. ಕತ್ತಲಲ್ಲಿ, ಗಾಬರಿಯಲ್ಲಿ ಮನುಷ್ಯನ ಕೈ ಎಳೆಯುವುದಕ್ಕೇ ಹೋಗುತ್ತದೆ. ಆ ಗುಣವನ್ನು ಅಭ್ಯಾಸದಿಂದಲೇ ಅಳಿಸಬೇಕು.

ನಿನಗೆ ನಿಜವಾದ ಅಪಾಯ ಇರುವುದು ಕೆಳಗೆ, ರನ್‌ವೇಗೆ ಅಡ್ಡವಾದ ಬೇಸ್‌ನಿಂದ ಅದರ ನೇರಕ್ಕಿರುವ ಫೈನಲ್‌ಗೆ ತಿರುಗುವ ಜಾಗದಲ್ಲಿ. ಹಿಂದಿನಿಂದ ಗಾಳಿ ತಳ್ಳಿ ರನ್‌ವೇಯ ನೇರ ದಾಟಿಬಿಟ್ಟೆ ಅಂದುಕೋ. ಹೆಚ್ಚು ವಾಲಿಸಲು ಭಯ, ಅದಕ್ಕೆ ರಡ್ಡರ್ ಒತ್ತಿ ಮೂಗನ್ನು ಎಳೆದು ತರೋಣ ಅನ್ನಿಸುತ್ತದೆ. ಮೂಗು ಇಳಿದಾಗ ಯೋಕ್ ಕೂಡ ಎಳೆಯುತ್ತೀಯ. ಆಗ ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ಆ ಕಡೆಗೇ ಮಗುಚಿ ಸ್ಪಿನ್‌ಗೆ ಬೀಳುತ್ತದೆ. ಒಂದು ಸುತ್ತಿನ ಸ್ಪಿನ್‌ನಿಂದ ಹೊರಬರಲು ಕನಿಷ್ಠ 1000 ಅಡಿ ಬೇಕು. ಅಲ್ಲಿ ನಿನ್ನ ಕೆಳಗೆ ಇರುವುದು ಸುಮಾರು 500 ಅಡಿ.

ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಸಮುದ್ರಮಟ್ಟದಿಂದ ಎತ್ತರ ಹೇಳುವ ಕ್ಯೂಎನ್‌ಎಚ್ ಇಟ್ಟ ಆಲ್ಟಿಮೀಟರ್ ಸರ್ಕ್ಯೂಟ್‌ನಲ್ಲಿ 4000 ತೋರಿಸಿದರೆ ಆಸರೆ ಅನ್ನಿಸೀತು, ಆದರೆ ನೆಲ 1000 ಅಡಿಯಷ್ಟೇ ಕೆಳಗಿರುತ್ತದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲಿದ್ದಾಗ ಅಲ್ಲಿನ ಗಾಳಿ 6000 ಅಡಿಯ ಗಾಳಿಯಷ್ಟು ತೆಳುವಾಗುತ್ತದೆ. ಇಂಜಿನ್ ಸೊರಗುತ್ತದೆ, ಟೇಕಾಫ್ ಓಟ ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ. ಫೈನಲ್‌ನಲ್ಲಿ ಮುಳ್ಳು 65 ನಾಟ್ ತೋರಿಸುವಾಗ ವಿಮಾನ ಗಾಳಿಯಲ್ಲಿ ಸುಮಾರು 71ರಲ್ಲಿ ಸಾಗುತ್ತಿರುತ್ತದೆ. ನೆಲ ಬೇಗ ಬೇಗ ಓಡುವುದನ್ನು ನೋಡಿ ‘ಸ್ಪೀಡ್ ಜಾಸ್ತಿಯಾಯಿತು’ ಎಂದು ಮೂಗು ಎತ್ತಬೇಡ. ಸ್ಟಾಲ್ ಆಗುವುದು ಮುಳ್ಳಿನ ಲೆಕ್ಕದಲ್ಲಿ ಮೊದಲಿನ ಜಾಗದಲ್ಲೇ. ಅಂಥ ದಿನ ಪರ್ಫಾರ್ಮೆನ್ಸ್ ಚಾರ್ಟ್ ತೆಗೆದು ಲೆಕ್ಕ ಹಾಕದೆ ಇಂಜಿನ್ ಸ್ಟಾರ್ಟ್ ಮಾಡಲೇಬೇಡ.

ಸೋಲೋಗೆ ಮುಂಚೆ ಇನ್‌ಸ್ಟ್ರಕ್ಟರ್ ಹತ್ತಿರ ಬಾಯಿಬಿಟ್ಟು ಕೇಳು: ‘ಸರ್, ನೆಲದಿಂದ 3000 ಅಡಿ ಮೇಲೆ ಇನ್ನೊಂದು ಸಲ ಸ್ಟಾಲ್ ಮಾಡಿಸಿ, ತಿರುವಿನಲ್ಲೂ ಮಾಡಿಸಿ.’ ಕೇಳಿದರೆ ಯಾರೂ ನಿನ್ನನ್ನು ಕಡಿಮೆ ಎಣಿಸುವುದಿಲ್ಲ. ಒಬ್ಬಳೇ ಇರುವಾಗ ಫೈನಲ್ ತಿರುವು ಕೆಟ್ಟಿತು ಅನ್ನಿಸಿದರೆ ಸರಿಪಡಿಸಲು ಹೆಣಗಬೇಡ. ರೆಕ್ಕೆ ಸಮ ಮಾಡು, ಪೂರ್ತಿ ಪವರ್ ಕೊಡು, ಗೋ ಅರೌಂಡ್ ಮಾಡಿ ಇನ್ನೊಂದು ಸುತ್ತು ಬಾ.