ಲ್ಯಾಬ್ ಪ್ರಿಂಟರಿಗೂ ಇರಲಿ ಒಂದು ಲೆಕ್ಕ

ಕಾರ್ಕಳದ ಕಾಲೇಜು ಲ್ಯಾಬೊಂದರ ಮೇಲ್ವಿಚಾರಕರಿಗೆ ಕಾಗದ, ಟೋನರ್ ಖರ್ಚಿನದೇ ತಲೆನೋವು. ದುಡ್ಡು ಕೊಟ್ಟು ತಂತ್ರಾಂಶ ತರುವ ಮೊದಲು ಅವರು ನೋಡಬೇಕಾದದ್ದು ಲಿನಕ್ಸ್‌ನಲ್ಲೇ ಇರುವ ‘ಕಪ್ಸ್’. 1999ರಲ್ಲಿ ಮೈಕೆಲ್ ಸ್ವೀಟ್ ಹೊರತಂದ ಈ ಮುಕ್ತ ತಂತ್ರಾಂಶ ಯಾರು, ಯಾವಾಗ, ಎಷ್ಟು ಪುಟ ಮುದ್ರಿಸಿದರೆಂದು ಬರೆದಿಡಬಲ್ಲದು. ಹೊಸ ಆವೃತ್ತಿಗಳಲ್ಲಿ ಅದರ ಸೆಟ್ಟಿಂಗ್ಸ್ ಕಡತದ ‘ಪೇಜ್‌ಲಾಗ್‌ಫಾರ್ಮ್ಯಾಟ್’ ಸಾಲನ್ನು ತುಂಬಿದರಷ್ಟೇ ಈ ಲೆಕ್ಕ ಶುರುವಾಗುತ್ತದೆ.

ಒಂದು ತಿಂಗಳು ಅದನ್ನು ಸುಮ್ಮನೆ ಓದಲಿ. ಆಮೇಲೆ ಮಿತಿ. ಕೋಟಾ ಅವಧಿಯನ್ನು ಸೆಕೆಂಡುಗಳಲ್ಲಿ ಕೊಡಬೇಕು: ವಾರಕ್ಕೆ 6,04,800. ಪುಟಮಿತಿ 50 ಎಂದಿಟ್ಟರೆ ಪ್ರತಿಯೊಬ್ಬರಿಗೂ ಅಷ್ಟೇ; ಎರಡೂ ಬದಿ ಮುದ್ರಿಸಿದ ಹಾಳೆಗೆ ಎರಡು ಪುಟದ ಲೆಕ್ಕ. ಎಲ್ಲರೂ ಒಂದೇ ಹೆಸರಲ್ಲಿ ಲಾಗಿನ್ ಆದರೆ ಮಾತ್ರ ಇದೆಲ್ಲ ನೀರಿನಲ್ಲಿ ಹೋಮ.

ಸೆಮಿಸ್ಟರ್ ಕೊನೆಯ ದಪ್ಪ ಪ್ರಾಜೆಕ್ಟ್ ವರದಿಗಳನ್ನು ಉಡುಪಿ, ಮಣಿಪಾಲದ ಜೆರಾಕ್ಸ್ ಅಂಗಡಿಗಳಿಗೆ ಬಿಡುವುದೇ ಲೇಸು.

ಇನ್ನು ಕಾಪುವಿನಂಥ ಕಡಲ ಬದಿಯಲ್ಲಿ ಮಳೆಗಾಲದ ತೇವಕ್ಕೆ ಕಾಗದ ಸಿಕ್ಕಿಕೊಂಡು ಆಗುವ ನಷ್ಟವನ್ನು ಯಾವ ತಂತ್ರಾಂಶವೂ ತಡೆಯದು. ಬಿಚ್ಚಿದ ರೀಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಲಿ.