ಉಪವಾಸ ಮತ್ತು ಫಿಟ್ಸ್‌ನ ಮದ್ದು



ಕಳೆದ ರಮಝಾನ್‌ನ ಮೂರನೇ ಉಪವಾಸದ ದಿನ. ಅಸರ್ ನಮಾಝ್‌ಗೆ ವುಝೂ ಮಾಡಲು ಹೋದ ನಮ್ಮ ರೂಮಿನ ಸಹೋದರರೊಬ್ಬರು ಬಾತ್‌ರೂಮಿನಲ್ಲೇ ಬಿದ್ದರು. ಕೈಕಾಲು ಸೆಟೆದಿತ್ತು, ಬಾಯಲ್ಲಿ ನೊರೆ. ಅವರಿಗೆ ಅಪಸ್ಮಾರ ಇದೆಯೆಂಬುದೇ ನಮಗೆ ಗೊತ್ತಿರಲಿಲ್ಲ. ತಲೆದಿಂಬಿನ ಅಡಿಯಲ್ಲಿ ಊರಿನಿಂದ ತಂದ ಮಾತ್ರೆಗಳು ಹಾಗೆಯೇ ಉಳಿದಿದ್ದವು. "ಮೂರು ಹೊತ್ತಿನ ಮದ್ದು, ಹಗಲು ತಿಂದರೆ ಉಪವಾಸ ಮುರಿಯುತ್ತದೆ. ಒಂದು ತಿಂಗಳು ಬಿಟ್ಟರೆ ಏನಾದೀತು ಅಂದುಕೊಂಡೆ" ಎಂದರು ಆಮೇಲೆ. ಕಂಪೆನಿಗೆ ಗೊತ್ತಾದರೆ ಊರಿಗೆ ಕಳಿಸುತ್ತಾರೆಂಬ ಹೆದರಿಕೆಯಿಂದ ನಾಲ್ಕು ವರ್ಷ ಯಾರಿಗೂ ಹೇಳಿರಲಿಲ್ಲ.

ಈ ಮದ್ದು ತಲೆನೋವಿನ ಮಾತ್ರೆಯಂತಲ್ಲ. ಮೆದುಳಿನ ವಿದ್ಯುತ್ ಸಂಕೇತಗಳು ಹದ್ದು ಮೀರದಿರಲು ಅದು ರಕ್ತದಲ್ಲಿ ಸದಾ ಒಂದು ಮಟ್ಟದಲ್ಲಿರಬೇಕು. ಹಠಾತ್ತಾಗಿ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ, ಒಂದರ ಹಿಂದೊಂದು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಫಿನೋಬಾರ್ಬಿಟೋನ್, ಕ್ಲೋಬಜಾಮ್, ಕ್ಲೊನಾಜೆಪಾಮ್ ತೆಗೆದುಕೊಳ್ಳುವವರು ಇನ್ನೂ ಜಾಗ್ರತೆ ವಹಿಸಬೇಕು. ದೇಹ ಅವಕ್ಕೆ ಒಗ್ಗಿರುತ್ತದೆ; ಹಠಾತ್ತಾಗಿ ಬಿಟ್ಟರೆ ನಿದ್ದೆಗೇಡು, ನಡುಕ, ಬೆವರು, ಗಾಬರಿ ಶುರುವಾಗಬಹುದು. ಇದನ್ನು ಉಪವಾಸದ ಸುಸ್ತು ಎಂದುಕೊಂಡು ಸಹಿಸಬೇಡಿ.

ಈಗಾಗಲೇ ಬಿಟ್ಟಿದ್ದರೆ ಇವತ್ತೇ ಡಾಕ್ಟರರನ್ನು ಕಾಣಿ. ತಪ್ಪಿದ್ದನ್ನು ಸರಿದೂಗಿಸಲು ಎರಡೆರಡು ಮಾತ್ರೆ ನುಂಗಬೇಡಿ. ಲ್ಯಾಮೋಟ್ರಿಜಿನ್ ಆಗಿದ್ದು ಹಲವು ದಿನ ಬಿಟ್ಟಿದ್ದರೆ ಹಳೆಯ ಡೋಸಿನಲ್ಲೇ ಮತ್ತೆ ಶುರು ಮಾಡುವಂತಿಲ್ಲ. ಚರ್ಮದ ಮೇಲೆ ಅಪಾಯಕಾರಿ ದದ್ದು ಏಳಬಹುದು. ಡಾಕ್ಟರರೇ ಮದ್ದು ನಿಲ್ಲಿಸುವುದಾದರೂ ಸಾಮಾನ್ಯವಾಗಿ ಕನಿಷ್ಠ 2 ವರ್ಷ ಫಿಟ್ಸ್ ಬಾರದಿದ್ದ ಮೇಲೆ, ವಾರ-ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಆ ಸಮಯದಲ್ಲಿ ಡ್ರೈವಿಂಗ್ ಬೇಡ, ಎತ್ತರದ ಕೆಲಸ ಬೇಡ.

ಹಾಗಾದರೆ ಉಪವಾಸ? ರೋಗಿಗೆ ಬೇರೆ ದಿನಗಳಲ್ಲಿ ಲೆಕ್ಕ ಪೂರ್ತಿ ಮಾಡುವ ಅನುಮತಿ ಸೂರಃ ಅಲ್ ಬಕರಾದ 184, 185ನೇ ಆಯತ್‌ಗಳಲ್ಲಿದೆ. ಗುಣವಾಗುವ ಭರವಸೆಯಿಲ್ಲದ ಕಾಯಿಲೆಗೆ ಫಿದ್ಯಾ ಇದೆ. ನಿಮ್ಮದು ಯಾವುದಕ್ಕೆ ಸೇರುತ್ತದೆಂದು ಡಾಕ್ಟರರ ಮಾತನ್ನು ಉಸ್ತಾದರಿಗೆ ತಿಳಿಸಿ ಕೇಳಿ. ಫಿಟ್ಸ್ ಬರುತ್ತಿದ್ದ ಮಹಿಳೆಯೊಬ್ಬರು ಪ್ರವಾದಿ(ಸ)ಯವರ ಬಳಿ ಬಂದು, ಸಹನೆಯನ್ನು ಆರಿಸಿಕೊಂಡು ಸ್ವರ್ಗದ ಶುಭವಾರ್ತೆ ಪಡೆದ ಹದೀಸ್ ಬುಖಾರಿ, ಮುಸ್ಲಿಮ್‌ಗಳಲ್ಲಿದೆ. ಇದನ್ನೇ ಮದ್ದು ಬಿಡಲು ಪುರಾವೆ ಮಾಡುವವರನ್ನು ಕಂಡಿದ್ದೇನೆ. ಆಕೆ ಕೈಯಲ್ಲಿದ್ದ ಮದ್ದನ್ನು ಎಸೆದವರಲ್ಲ. ಚಿಕಿತ್ಸೆ ಮಾಡಿಸಿಕೊಳ್ಳಿರೆಂದು ಕಲಿಸಿದವರೂ ಅದೇ ಪ್ರವಾದಿ(ಸ)ಯವರು.

ಕೆಲವರ ಮದ್ದನ್ನು ಇಫ್ತಾರ್ ಮತ್ತು ಸಹರಿ ಹೊತ್ತಿಗೆ ಹೊಂದಿಸಲು ಸಾಧ್ಯ; ನಿಧಾನವಾಗಿ ಕರಗುವ ಮಾತ್ರೆಗಳೂ ಇವೆ. ಆದರೆ ಅದನ್ನು ಡಾಕ್ಟರರು ಬದಲಿಸಬೇಕು, ನಾವಲ್ಲ. ನಿದ್ದೆಗೆಟ್ಟರೂ ಫಿಟ್ಸ್ ಬರುತ್ತದೆ. ತರಾವೀಹ್ ಮುಗಿಸಿ ಸಹರಿವರೆಗೆ ಮೊಬೈಲ್ ನೋಡುತ್ತಾ ಕೂರುವ ನಮ್ಮ ಅಭ್ಯಾಸ ಇವರಿಗೆ ಆಗದು. ಇನ್ನು, ಊರಿನಿಂದ ತಂದ ಮದ್ದು ಮುಗಿಯುವ ಮುಂಚೆಯೇ ಇಲ್ಲಿ ಡಾಕ್ಟರರನ್ನು ಕಾಣಿ. ಇವುಗಳಲ್ಲಿ ಕೆಲವು ಗಲ್ಫ್‌ನಲ್ಲಿ ನಿಯಂತ್ರಿತ ಮದ್ದುಗಳು. ಚೀಟಿ, ಅನುಮತಿ ಇಲ್ಲದೆ ಗೆಳೆಯರ ಬ್ಯಾಗಿನಲ್ಲಿ ತರಿಸಿದರೆ ಅವರೂ ಸಿಕ್ಕಿಬೀಳುತ್ತಾರೆ.

ರೂಮಿನಲ್ಲಿ ಒಬ್ಬರಿಗಾದರೂ ಹೇಳಿಡಿ. ಆ ದಿನ ನಾವು ಮಾಡಿದ್ದೆಲ್ಲ ತಪ್ಪೇ: ಕೈಗೆ ಬೀಗದ ಕೈ ಕೊಟ್ಟೆವು, ಬಾಯಿಗೆ ಚಮಚ ಇಟ್ಟೆವು. ಬಾಯಿಗೆ ಏನನ್ನೂ ಹಾಕಬಾರದು, ಒತ್ತಿ ಹಿಡಿಯಬಾರದು. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮುಂಚೆ ಮತ್ತೆ ಬಂದರೆ ಆಂಬುಲೆನ್ಸ್ ಕರೆಯಿರಿ. ಸೌದಿಯಲ್ಲಿ 997, ಯುಎಇಯಲ್ಲಿ 998.

ನಮ್ಮ ಸಹೋದರರು ಈ ವರ್ಷ ಉಪವಾಸ ಹಿಡಿಯುತ್ತಿಲ್ಲ. ಮಧ್ಯಾಹ್ನದ ಮಾತ್ರೆ ಕೋಣೆಯ ಬಾಗಿಲು ಹಾಕಿ ನುಂಗುತ್ತಾರೆ. ಸಂಜೆ ಎಲ್ಲರಿಗಿಂತ ಮೊದಲು ಸುಪ್ರ ಹಾಸಿ ಖರ್ಜೂರ ಇಡುವವರು ಅವರೇ.